ಮ್ಯಾಡಿಸನ್‌ನ 10 ಮತ್ತು 51: ಬಣಗಳು ಹೆಚ್ಚಾದರೆ ಕಾಟ ಕಡಿಮೆ ಆಗುವುದು ಹೇಗೆ?

ಅಮೆರಿಕದ ಫೆಡರಲಿಸ್ಟ್ ಪ್ರಬಂಧಗಳಲ್ಲಿ ಮ್ಯಾಡಿಸನ್ ಬರೆದ 10 ಮತ್ತು 51ನೆಯ ಪ್ರಬಂಧಗಳನ್ನು ಮೂರು ಸಲ ಓದಿದ ಮೇಲೆ ಗಂಟು ಬಿಚ್ಚಿಕೊಂಡಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಹಿನ್ನೆಲೆ ಇಷ್ಟೇ. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಅಮೆರಿಕದ ಸಂವಿಧಾನದ ಕರಡು ತಯಾರಾಯಿತು. ರಾಜ್ಯಗಳು ಅದನ್ನು ಒಪ್ಪಬೇಕಿತ್ತು. ಜನರ ಮನವೊಲಿಸಲು ಸಂವಿಧಾನದ ಪರವಾಗಿದ್ದ ನಾಯಕರಾದ ಹ್ಯಾಮಿಲ್ಟನ್, ಮ್ಯಾಡಿಸನ್, ಜೇ ಮೂವರೂ 'ಪಬ್ಲಿಯಸ್' ಎಂಬ ಒಂದೇ ಹೆಸರಿನಲ್ಲಿ 85 ಪ್ರಬಂಧ ಬರೆದರು. ಅವೇ ಫೆಡರಲಿಸ್ಟ್ ಪ್ರಬಂಧಗಳು. 10ನೆಯದರ ವಿಷಯ ಬಣಗಳ ಕಾಟ.

ಬಣ ಅಂದರೆ

ಸುಮ್ನೆ ಒಂದು ಗುಂಪಲ್ಲ. ಒಂದು ಆವೇಶಕ್ಕೋ ಲಾಭಕ್ಕೋ ಒಟ್ಟಾಗಿ, ಬೇರೆಯವರ ಹಕ್ಕಿಗೆ ಅಥವಾ ಎಲ್ಲರ ಹಿತಕ್ಕೆ ಅಡ್ಡ ಬರುವ ಗುಂಪು. ಅದು ಚಿಕ್ಕದಿರಬಹುದು, ಬಹುಮತವೂ ಇರಬಹುದು. 'ಬಹುಮತವೂ' ಎನ್ನುವಲ್ಲಿ ಗೆರೆ ಎಳೆದುಕೊಳ್ಳಿ. ಚಿಕ್ಕ ಬಣವನ್ನು ಮತ ಹಾಕಿ ಸೋಲಿಸಬಹುದು. ದೊಡ್ಡದನ್ನು ಸೋಲಿಸುವವರು ಯಾರು?

1786ರಲ್ಲಿ ಅಮೆರಿಕದ ಪುಟ್ಟ ರಾಜ್ಯ ರೋಡ್ ಐಲೆಂಡ್‌ನಲ್ಲಿ ಆದದ್ದು ನೋಡಿ. ಸಾಲ, ತೆರಿಗೆಗಳಲ್ಲಿ ಬೆಂದಿದ್ದ ಜನರ ಪಕ್ಷ ಚುನಾವಣೆ ಗೆದ್ದು ಕಾಗದದ ಹಣ ಅಚ್ಚು ಹಾಕಿಸಿತು. ಅದರ ಬೆಲೆ ಬಿತ್ತು. ಆದರೂ ಸಾಲ ಕೊಟ್ಟವರು ಅದನ್ನೇ ಪೂರ್ತಿ ಬೆಲೆಗೆ ತೆಗೆದುಕೊಳ್ಳಬೇಕು, ಬೇಡ ಎಂದರೆ ದಂಡ. ಸಾಲ ಮಾಡಿದವರ ಕಷ್ಟ ನಿಜವಾದದ್ದೇ. ಆದರೆ ಇದನ್ನು ರಾಜ ಮಾಡಲಿಲ್ಲ, ಗೆದ್ದ ಬಹುಮತ ಮಾಡಿತು.

ನಾನು ಎಡವಿದ ಜಾಗ

ಬಣ ಒಂದು ರೋಗ ಎನ್ನುವ ಮ್ಯಾಡಿಸನ್, ದೇಶ ದೊಡ್ಡದಾಗಲಿ, ಬಣಗಳು ಜಾಸ್ತಿಯಾಗಲಿ ಎನ್ನುತ್ತಾನೆ. ರೋಗ ಹೆಚ್ಚಾದರೆ ವಾಸಿ ಆಗುವುದು ಹೇಗೆ?

ಲೆಕ್ಕ ಹಾಕಿದಾಗ ಅರ್ಥವಾಯಿತು. ಒಂದು ಪುಟ್ಟ ರಾಜ್ಯದಲ್ಲಿ 100 ಮತದಾರರು ಅಂದುಕೊಳ್ಳಿ. 60 ಜನ ಸಾಲ ಮಾಡಿದವರು, 40 ಜನ ಕೊಟ್ಟವರು. 60 ಜನ ಯಾರನ್ನೂ ಕೇಳಬೇಕಾಗಿಲ್ಲ. ಈಗ ದೇಶ ದೊಡ್ಡದು ಮಾಡಿ. ತಂಬಾಕು ಬೆಳೆಯುವವರು, ಹಡಗಿನ ವ್ಯಾಪಾರಿಗಳು, ಕುಶಲಕರ್ಮಿಗಳು, ಬೇರೆ ಬೇರೆ ಚರ್ಚಿನವರು ಎಲ್ಲರೂ ಬಂದರು. ಯಾವ ಗುಂಪೂ ನೂರಕ್ಕೆ 15 ದಾಟುವುದಿಲ್ಲ. ನೂರಕ್ಕೆ 51 ಆಗಬೇಕಾದರೆ ಕನಿಷ್ಠ ನಾಲ್ಕು ಗುಂಪು ಕೈ ಜೋಡಿಸಬೇಕು. ಜೋಡಿಸಬೇಕಾದರೆ ಜೊತೆಗಾರನನ್ನು ಹಿಂಡುವ ಬೇಡಿಕೆ ಬಿಡಬೇಕು. ನಾಳೆ ಕೂಟ ಬದಲಾಗಬಹುದು, ಇವತ್ತು ತುಳಿದವರ ನೆರವೇ ಬೇಕಾಗಬಹುದು. ಬಣದ ಆಸೆ ಹಾಗೇ ಇರುತ್ತದೆ, ಒಂಟಿಯಾಗಿ ಗೆಲ್ಲುವ ಬಲ ಇರುವುದಿಲ್ಲ, ಅಷ್ಟೇ.

ಗಣರಾಜ್ಯ ಚಿಕ್ಕದಿದ್ದರೇ ಉಳಿಯುತ್ತದೆ ಎಂಬ ಫ್ರೆಂಚ್ ಚಿಂತಕ ಮಾಂಟೆಸ್ಕ್ಯೂ ಮಾತನ್ನು ಇದು ತಲೆಕೆಳಗು ಮಾಡುತ್ತದೆ. ನನಗೆ ತುಂಬ ಇಷ್ಟವಾದದ್ದು ಇದೇ.

51ರಲ್ಲಿ ಭಯವೇ ಬೇರೆ

ಇಲ್ಲಿ ಬೇಲಿಯೇ ಎದ್ದು ಹೊಲ ಮೇಯುವ ಭಯ. ಅಂದರೆ ಸರ್ಕಾರವೇ ಜನರನ್ನು ತುಳಿಯುವುದು. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಬೇರೆ ಬೇರೆ ಇರಬೇಕು, ಆದರೆ ನಡುವೆ ಪೂರ್ತಿ ಗೋಡೆ ಕಟ್ಟಬಾರದು. ಒಬ್ಬರನ್ನೊಬ್ಬರು ತಡೆಯಲು ಇನ್ನೊಬ್ಬರ ಕೆಲಸದಲ್ಲಿ ಸ್ವಲ್ಪ ಕೈ ಬೇಕು. ಅಧ್ಯಕ್ಷ ಮಸೂದೆ ತಡೆಯಬಹುದು, ಎರಡೂ ಸದನಗಳ ಮೂರನೇ ಎರಡು ಬಹುಮತ ಆ ತಡೆಯನ್ನು ಮೀರಬಹುದು. ಶಾಸಕಾಂಗಕ್ಕೇ ಬಲ ಜಾಸ್ತಿ, ಅದಕ್ಕೇ ಅದನ್ನು ಎರಡು ಸದನವಾಗಿ ಒಡೆದರು.

ನನ್ನ ಶಾರ್ಟ್‌ಕಟ್: 10 ನೆರೆಯವರ ಭಯ, 51 ಆಳುವವರ ಭಯ. ಆದರೆ 51ರ ಕೊನೆಯಲ್ಲಿ ಮ್ಯಾಡಿಸನ್ ಮತ್ತೆ ನೆರೆಯವರ ಭಯಕ್ಕೇ ಬರುತ್ತಾನೆ, ರೋಡ್ ಐಲೆಂಡ್ ಹೆಸರನ್ನೂ ಹೇಳುತ್ತಾನೆ. ಯಾಕೆ ಅಂತ ನನಗೆ ಹೊಳೆದದ್ದು ಇದು: ಎರಡೂ ಸದನ, ಅಧ್ಯಕ್ಷ ಸ್ಥಾನ ಎಲ್ಲವೂ ಒಂದೇ ಬಣದ ಕೈಗೆ ಹೋದರೆ ತಡೆಯುವವರು ಯಾರು? ಅದಕ್ಕೇ ಎರಡು ಬೇಲಿಯೂ ಬೇಕು.

ಒಂದು ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ. ಈ ಲೆಕ್ಕ ನಡೆಯುವುದು ಚೌಕಾಸಿಗೆ ಕೂರಲು ಜಾಗ ಇದ್ದವರ ನಡುವೆ ಮಾತ್ರ ಅಲ್ವಾ? ವರ್ಜೀನಿಯಾದಲ್ಲಿ ಮ್ಯಾಡಿಸನ್‌ನ ಸ್ವಂತ ತೋಟದಲ್ಲೇ ಗುಲಾಮರು ದುಡಿಯುತ್ತಿದ್ದರು. ಅವರ ನೆರವು ಯಾವ ಕೂಟಕ್ಕೂ ಬೇಕಾಗಿರಲಿಲ್ಲ.