ಸೈನಿಕರ ಹೊಲ, ಊರಿನ ಕ್ಲಬ್

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಸ್ಟ್ಯಾಂಥೋರ್ಪ್ ಪಟ್ಟಣದಾಚೆ, ಹಣ್ಣಿನ ತೋಟಗಳ ಸೀಮೆಯಲ್ಲಿ, ಅಮಿಯೆನ್ಸ್, ಪೋಜಿಯೇರ್, ಬಪೋಮ್, ಮೆಸೀನ್, ಪ್ಯಾಶೆಂಡೇಲ್ ಎಂಬ ಹೆಸರುಗಳು ಸಾಲಾಗಿ ಸಿಗುತ್ತವೆ. ಇವು ಮೊದಲ ಮಹಾಯುದ್ಧದಲ್ಲಿ ಆಸ್ಟ್ರೇಲಿಯಾದ ಸೈನಿಕರು ಫ್ರಾನ್ಸ್ ಮತ್ತು ಬೆಲ್ಜಿಯಂನಲ್ಲಿ ಕಾದಾಡಿದ ಜಾಗಗಳು. ಬದುಕಿ ಬಂದವರಿಗೆ ಸರ್ಕಾರ ಇಲ್ಲಿ ತೋಟಕ್ಕೆಂದು ಜಮೀನು ಕೊಟ್ಟಿತು, ರೈಲು ನಿಲ್ದಾಣಗಳಿಗೆ ಆ ರಣರಂಗಗಳ ಹೆಸರಿಟ್ಟಿತು. ಕಂದಕದಲ್ಲಿ ವರ್ಷಗಟ್ಟಲೆ ಕಳೆದವರು ಮಗ್ಗಿ ಹೇಳಿದಂತೆ ಆ ಹೆಸರುಗಳನ್ನು ದಿನಾ ಹೇಳಿಕೊಂಡು ಬಾಳಬೇಕಾಯಿತು.

ಸೈನಿಕರಿಗೆ ಜಮೀನು ಕೊಡುವ ಕಾನೂನನ್ನು ಮೊದಲು ತಂದದ್ದು ಸೌತ್ ಆಸ್ಟ್ರೇಲಿಯಾ, 1915ರಲ್ಲಿ. ಯುದ್ಧ ಮುಗಿಯುವ ಮೊದಲೇ ಉಳಿದ ರಾಜ್ಯಗಳೂ ಹಿಂಬಾಲಿಸಿದವು. ಜಮೀನು ಹುಡುಕಿ ಹಂಚುವುದು ರಾಜ್ಯಗಳ ಕೆಲಸ, ಸಾಲದ ಹಣ ಹೊಂದಿಸುವುದು ಕೇಂದ್ರದ ಕೆಲಸ. ಸುಮಾರು 37,000 ಮಂದಿ ಹೀಗೆ ಜಮೀನು ಹಿಡಿದರು. ನಮ್ಮವರಿಗೂ ಇವರು ತೀರಾ ಅಪರಿಚಿತರಲ್ಲ. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾ ಊರನ್ನು ಗೆದ್ದವರಲ್ಲಿ ಮೈಸೂರು ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್ ಇತ್ತು. ಅದು ಹೋರಾಡಿದ್ದು ಆಸ್ಟ್ರೇಲಿಯಾದ ಹ್ಯಾರಿ ಶೋವೆಲ್ ದಂಡನಾಯಕನಾಗಿದ್ದ ಡೆಸರ್ಟ್ ಮೌಂಟೆಡ್ ಕೋರ್ ಎಂಬ ಸವಾರ ಸೇನೆಯಲ್ಲಿ. ಅದೇ ದಳದಲ್ಲಿ ಆಸ್ಟ್ರೇಲಿಯಾದ ಲೈಟ್ ಹಾರ್ಸ್ ಸವಾರರೂ ಇದ್ದರು.

ಹತ್ತೇ ವರ್ಷದಲ್ಲಿ ಲೆಕ್ಕ ತಪ್ಪಿತು. 1929ರಲ್ಲಿ ನ್ಯಾಯಮೂರ್ತಿ ಪೈಕ್ ಕೊಟ್ಟ ವರದಿ ಈ ಯೋಜನೆಯ ನಷ್ಟವನ್ನು 2 ಕೋಟಿ 35 ಲಕ್ಷ ಪೌಂಡ್ ಎಂದು ಲೆಕ್ಕ ಹಾಕಿತು. ಸೈನಿಕನಿಗೆ ಬೇಸಾಯ ಗೊತ್ತಿರಲಿಲ್ಲ ಎಂಬುದು ಇದಕ್ಕೆ ಎಲ್ಲರೂ ಕೊಡುವ ಕಾರಣ. ಅದರಲ್ಲಿ ನಿಜವಿದೆ, ಆದರೆ ಅದಕ್ಕಿಂತ ದೊಡ್ಡ ಕಾರಣಗಳಿವೆ. ಸರ್ಕಾರ ಕೊಳ್ಳಲು ಹೊರಟಿದೆ ಎಂದು ತಿಳಿದ ಕೂಡಲೇ ಮಾರುವವರು ಬೆಲೆ ಏರಿಸಿದರು. ಆ ಏರಿದ ಬೆಲೆ ಸಾಲವಾಗಿ ಸೈನಿಕನ ಹೆಗಲಿಗೇ ಬಂತು. ಹೆಚ್ಚು ಜನರಿಗೆ ಕೊಡಬೇಕೆಂಬ ಆತುರದಲ್ಲಿ ಹಿಡುವಳಿಗಳು ಚಿಕ್ಕವಾದವು. ಕೈಯಲ್ಲಿ ಸ್ವಂತ ದುಡ್ಡಿಲ್ಲದವನು ಕುದುರೆ, ನೇಗಿಲು, ಬೇಲಿಯ ತಂತಿ, ನೀರಿನ ತೊಟ್ಟಿ ಎಲ್ಲವನ್ನೂ ಸಾಲದಲ್ಲೇ ಕೊಳ್ಳಬೇಕಿತ್ತು.

ವಿಕ್ಟೋರಿಯಾ ರಾಜ್ಯದ ಮಿಲ್ಡ್ಯೂರಾ ಹತ್ತಿರದ ರೆಡ್ ಕ್ಲಿಫ್ಸ್ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಮರ‍್ರೆ ನದಿಯ ನೀರನ್ನು ಪಂಪಿನಿಂದ ಮೇಲೆತ್ತಿ, ಸುಮಾರು 700 ಸೈನಿಕರಿಗೆ ತಲಾ 15 ಎಕರೆ ಆಸುಪಾಸಿನ ದ್ರಾಕ್ಷಿ ತೋಟ ಮಾಡಿಕೊಟ್ಟ ವಸಾಹತು ಇದು. ಮೊದಲು ಮ್ಯಾಲಿ ಎಂಬ ಗಿಡ್ಡ ನೀಲಗಿರಿ ಜಾತಿಯ ಕಾಡನ್ನು ಕಡಿಯಬೇಕಿತ್ತು. ಮ್ಯಾಲಿಯ ಜೀವ ಇರುವುದು ನೆಲದೊಳಗಿನ ಗಡ್ಡೆಯಲ್ಲಿ. ಮೇಲೆ ಎಷ್ಟು ಕಡಿದರೂ ಚಿಗುರುತ್ತದೆ, ಗಡ್ಡೆಯನ್ನೇ ಕೀಳಬೇಕು. ಫ್ರ್ಯಾಂಕ್ ಬಾಟ್ರಿಲ್ ಕಟ್ಟಿದ ‘ಬಿಗ್ ಲಿಜ್ಜೀ’ ಎಂಬ 45 ಟನ್ ತೂಕದ ಎಂಜಿನ್ ಗಾಡಿಗೆ ಉಕ್ಕಿನ ಹಗ್ಗ ಕಟ್ಟಿ, 1920ರಿಂದ ನಾಲ್ಕು ವರ್ಷ ಈ ಗಡ್ಡೆಗಳನ್ನು ಎಳೆದು ಕಿತ್ತರು. ಗೋಧಿ ಬೆಳೆಯುವ ಮ್ಯಾಲಿ ಸೀಮೆಯಲ್ಲಿ ಬೇರೆ ರೂಢಿ: ಕಾಡನ್ನು ಭಾರದ ರೋಲರ್‌ನಿಂದ ಮಲಗಿಸಿ, ಒಣಗಲು ಬಿಟ್ಟು, ಬೇಸಿಗೆಯ ಕೊನೆಗೆ ಸುಟ್ಟು, ಗಡ್ಡೆ ಸಿಕ್ಕಿದರೆ ತಾನೇ ಮೇಲೆ ಜಿಗಿದು ದಾಟುವ ನೇಗಿಲಿನಿಂದ ಉಳುವುದು. ಆ ನೇಗಿಲು ಹುಟ್ಟಿದ್ದು 1876ರಲ್ಲಿ, ಸೌತ್ ಆಸ್ಟ್ರೇಲಿಯಾದಲ್ಲೇ.

ಬಳ್ಳಿ ನೆಟ್ಟ ಮೇಲೆ ಮೂರು ವರ್ಷ ಲೆಕ್ಕಕ್ಕೆ ಸಿಗುವ ಫಸಲಿಲ್ಲ. ಪೂರ್ತಿ ಇಳುವರಿಗೆ ಇನ್ನೂ ಒಂದೆರಡು ವರ್ಷ ಬೇಕು. ಬಡ್ಡಿಗೆ ಮಾತ್ರ ಅಂಥ ತಾಳ್ಮೆ ಇರುವುದಿಲ್ಲ. ಸುಲ್ತಾನಾ ದ್ರಾಕ್ಷಿಯನ್ನು ಪೊಟ್ಯಾಷಿಯಂ ಕಾರ್ಬೋನೇಟ್ ಮತ್ತು ಎಣ್ಣೆ ಕಲಸಿದ ನೀರಿನಲ್ಲಿ ಅದ್ದಿ, ಮೇಲೆ ತಗಡು ಹೊದಿಸಿದ, ಅಂತಸ್ತು ಅಂತಸ್ತಾಗಿ ತಂತಿಬಲೆ ಕಟ್ಟಿದ ಅಟ್ಟಣಿಗೆಯಲ್ಲಿ ಹರಡುತ್ತಾರೆ. ಹಣ್ಣಿನ ಸಿಪ್ಪೆಯ ಮೇಲಿನ ಮೇಣದ ಪದರ ಬಿಚ್ಚಿಕೊಂಡು ನೀರು ಬೇಗ ಹೊರಡಲಿ ಎಂದು ಈ ಅದ್ದುವಿಕೆ. ಸುಮಾರು 4 ಕಿಲೋ ಹಸಿ ಹಣ್ಣಿಗೆ 1 ಕಿಲೋ ಒಣದ್ರಾಕ್ಷಿ. ವಿಜಯಪುರದ ತಿಕೋಟಾ ಕಡೆಯ ಬೆಳೆಗಾರರಿಗೆ ಇದನ್ನು ವಿವರಿಸಬೇಕಿಲ್ಲ. ಲೀಟರ್ ನೀರಿಗೆ 25 ಗ್ರಾಂ ಕಾರ್ಬೋನೇಟ್, 15 ಮಿಲಿ ಡಿಪ್ಪಿಂಗ್ ಆಯಿಲ್ ಎಂದು ಅವರು ಇಂದಿಗೂ ಕಲಸುವುದು ಆಸ್ಟ್ರೇಲಿಯಾದಿಂದ ಬಂದ ಇದೇ ದ್ರಾವಣವನ್ನು. ಹರಡಿದ ಮೇಲೆ ಅಕಾಲದ ಮಳೆ ಬಿದ್ದರೆ ಬೂಸ್ಟು ಹಿಡಿದು ವರ್ಷದ ದುಡಿಮೆ ಕೈಬಿಡುತ್ತದೆ, ಅಲ್ಲೂ ಇಲ್ಲೂ.

ನೀರಾವರಿ ಇನ್ನೊಂದು ಪೆಟ್ಟು ಕೊಟ್ಟಿತು. ಬೇರು ಕುಡಿಯದೆ ಉಳಿದ ನೀರು ಕೆಳಗಿಳಿದು, ಅಂತರ್ಜಲ ಮೇಲೆದ್ದು, ಉಪ್ಪನ್ನು ಬೇರಿನ ಮಟ್ಟಕ್ಕೆ ತಂದಿತು. ತುಂಗಭದ್ರಾ, ಕೃಷ್ಣಾ ಅಚ್ಚುಕಟ್ಟಿನವರು ಸವಳು–ಜವಳು ಎನ್ನುವುದು ಇದನ್ನೇ. ಇದಕ್ಕೆ ಮದ್ದು ನೆಲದಡಿಯ ಬಸಿಗೊಳವೆ. ಐದಾರು ಅಡಿ ಆಳದಲ್ಲಿ ಸುಟ್ಟ ಮಣ್ಣಿನ ಕೊಳವೆಗಳನ್ನು ತುದಿಗೆ ತುದಿ ಇಟ್ಟು ಇಳಿಜಾರಾಗಿ ಜೋಡಿಸಬೇಕು. ಸಂದಿನಿಂದ ನೀರು ಒಳಬಂದು ಹರಿದು ಹೋಗುತ್ತದೆ. ಆದರೆ ಎಲ್ಲಿಗೆ? ಪಕ್ಕದವನ ಹೊಲ ದಾಟಿ ಹೋಗಬೇಕು. ಅವನು ಒಪ್ಪದಿದ್ದರೆ, ಅವನೂ ಕೊಳವೆ ಹೂಳದಿದ್ದರೆ, ನಿಮ್ಮ ಖರ್ಚು ಮಣ್ಣುಪಾಲು. 15 ಎಕರೆಯವನು ಒಬ್ಬನೇ ನಿಂತು ಮಾಡುವ ಬೇಸಾಯ ಇದಲ್ಲ.

ಸರ್ಕಾರ ಜಮೀನನ್ನು ಅಳೆಯಿತು, ನೆರೆಹೊರೆಯನ್ನು ಅಳೆಯಲಿಲ್ಲ. ಹಳೆಯ ಊರಿನಲ್ಲಿ ಅಜ್ಜ, ದೊಡ್ಡಪ್ಪ, ಸೂಲಗಿತ್ತಿ, ಸಾಲ ಕೊಡುವ ಅಂಗಡಿಯವನು ಇರುತ್ತಾರೆ, ಮುಯ್ಯಾಳು ಪದ್ಧತಿ ಇರುತ್ತದೆ. ಇಲ್ಲಿ ಬೇರೆ ಬೇರೆ ಕಡೆಯಿಂದ ಬಂದ, ಹೆಚ್ಚುಕಡಿಮೆ ಒಂದೇ ವಯಸ್ಸಿನ ನೂರಾರು ದಂಪತಿಗಳು ಬೇಲಿಗೆ ಬೇಲಿ ತಾಗಿಸಿಕೊಂಡು ಕೂತಿದ್ದರು. ಎಲ್ಲರ ಸಾಲವೂ ಒಂದೇ ಹೊತ್ತಿನದು. ಆ ಕೊರತೆಯನ್ನು ಕ್ಲಬ್ಬುಗಳೂ ಸಂಘಗಳೂ ತುಂಬಿದವು.

1916ರಲ್ಲಿ ಹುಟ್ಟಿದ ಮಾಜಿ ಸೈನಿಕರ ಲೀಗ್, ಅಂದರೆ ಇಂದಿನ ಆರ್‌ಎಸ್‌ಎಲ್, ಸಾಲಗಾರ ಸೈನಿಕರ ಪರವಾಗಿ ಸರ್ಕಾರದ ಜೊತೆ ವಾದಕ್ಕೆ ನಿಂತಿತು. 1922ರಲ್ಲಿ ಸಿಡ್ನಿಯಲ್ಲಿ ಶುರುವಾದ ಕಂಟ್ರಿ ವಿಮೆನ್ಸ್ ಅಸೋಸಿಯೇಷನ್ ಹಿಡಿದ ಕೆಲಸ ನೋಡಲು ಸಣ್ಣದು. ಹಸುಗೂಸಿನೊಡನೆ ಗಂಟೆಗಟ್ಟಲೆ ಗಾಡಿಯಲ್ಲಿ ಪೇಟೆಗೆ ಬಂದ ಹೆಂಗಸಿಗೆ ಕೂರಲು, ಹಾಲುಣಿಸಲು, ಶೌಚಕ್ಕೆ ಹೋಗಲು ಜಾಗವಿರಲಿಲ್ಲ. ಸಂಘ ಪೇಟೆ ಪೇಟೆಯಲ್ಲಿ ವಿಶ್ರಾಂತಿ ಕೋಣೆ ಕಟ್ಟಿಸಿತು. ಶಿಶು ಆರೋಗ್ಯ ಕೇಂದ್ರಗಳಿಗಾಗಿಯೂ ದುಡಿಯಿತು. ಸೈನಿಕ ವಸಾಹತಿನ ಬಗ್ಗೆ ಬರೆಯುವವರು ನೇಗಿಲಿಗೆ ಕೊಟ್ಟಷ್ಟು ಜಾಗವನ್ನು ಈ ಕೋಣೆಗಳಿಗೂ ಕೊಡಬೇಕಿತ್ತು. 1923ರಲ್ಲಿ ಮೆಲ್ಬರ್ನ್‌ನಲ್ಲಿ ಸ್ಟ್ಯಾನ್ಲಿ ಸ್ಯಾವಿಜ್ ಕಟ್ಟಿದ ಲೆಗಸಿ ಕ್ಲಬ್ ಸತ್ತ ಸೈನಿಕರ ಸಂಸಾರಗಳನ್ನು ಸದಸ್ಯರಿಗೆ ಹಂಚಿಕೊಟ್ಟಿತು. ಪಿಂಚಣಿ ಅರ್ಜಿ ತುಂಬುವುದರಿಂದ ಮಕ್ಕಳ ಓದಿನವರೆಗೆ ಆ ಸದಸ್ಯನೇ ನಿಂತು ನೋಡಿಕೊಳ್ಳಬೇಕು.

ರೋಟರಿ 1921ರಲ್ಲೇ ಮೆಲ್ಬರ್ನ್‌ಗೆ ಬಂದಿತ್ತು. ಆದರೆ ಅದರ ಆಗಿನ ನಿಯಮ ಹಳ್ಳಿಗೆ ಒಗ್ಗುತ್ತಿರಲಿಲ್ಲ. ಒಂದು ಕಸುಬಿಗೆ ಒಬ್ಬನೇ ಸದಸ್ಯ ಎಂದರೆ, ಊರಿಡೀ ದ್ರಾಕ್ಷಿ ಬೆಳೆಯುವಲ್ಲಿ ಯಾರನ್ನು ಸೇರಿಸುವುದು? ವಾರ ವಾರ ನಡುಹಗಲ ಊಟದ ಸಭೆಗೆ ತಪ್ಪದೆ ಬರುವುದು ಕೊಯ್ಲಿನವನ ಕೈಲಾಗುವ ಮಾತಲ್ಲ. 1931ರಲ್ಲಿ ಜೀಲಾಂಗ್‌ನ ಮೂವರು ಯುವ ವಾಸ್ತುಶಿಲ್ಪಿಗಳು ಶುರುಮಾಡಿದ ಏಪೆಕ್ಸ್ ಎಂಬ ಸೇವಾ ಕ್ಲಬ್ ನಲವತ್ತರೊಳಗಿನವರನ್ನು ಸೇರಿಸಿಕೊಂಡಿತು. 1947ರಲ್ಲಿ ಲಿಸ್ಮೋರ್‌ನಲ್ಲಿ ಕಾಲಿಟ್ಟ ಲಯನ್ಸ್ ಸಣ್ಣ ಊರುಗಳಿಗೆ ಬೇಗ ಹಬ್ಬಿತು. ತಿಂಗಳಿಗೆ ಎರಡು ಸಂಜೆ ಊಟದ ಸಭೆ, ಕಸುಬಿನ ಕಟ್ಟಳೆ ಇಲ್ಲ. ಸಭೆಯಲ್ಲಿ ತಡವಾಗಿ ಬಂದವನಿಗೂ ಬ್ಯಾಡ್ಜ್ ಮರೆತವನಿಗೂ ಚಿಲ್ಲರೆ ದಂಡ ಹಾಕುವ ಒಬ್ಬ ಪದಾಧಿಕಾರಿ ಇರುತ್ತಾನೆ. ಬೇಲಿ ಜಗಳದಲ್ಲಿ ಮಾತು ಬಿಟ್ಟ ಇಬ್ಬರೂ ಒಟ್ಟಿಗೆ ನಗುವುದು ಅಲ್ಲೇ.

ಕ್ಲಬ್ ಬಾಳುವುದು ಎರಡು ಬ್ಯಾಂಕ್ ಖಾತೆಗಳ ಶಿಸ್ತಿನಿಂದ. ಸದಸ್ಯರ ಚಂದಾ, ದಂಡ ಒಂದು ಖಾತೆಗೆ. ಅಂಚೆ, ಬಾಡಿಗೆಯ ಖರ್ಚೆಲ್ಲ ಅದರಿಂದ. ಜನರಿಂದ ಎತ್ತಿದ ಹಣ ಇನ್ನೊಂದಕ್ಕೆ; ಅದು ಪೂರ್ತಿ ಜನರ ಕೆಲಸಕ್ಕೇ ಹೋಗಬೇಕು. ಕೈಸಾಲವೆಂದು ಒಂದರಿಂದ ಇನ್ನೊಂದಕ್ಕೆ ದಾಟಿಸಿದ ದಿನ ಊರಿನ ನಂಬಿಕೆ ಹೋಗುತ್ತದೆ. ಮುಂದಿನ ವರ್ಷ ಹಣ ಎತ್ತಲು ಕೇಕ್ ಮಾರುತ್ತ ಮನೆ ಮನೆಗೆ ಹೋದರೆ ಬಾಗಿಲು ತೆರೆಯುವವರಿರುವುದಿಲ್ಲ.

ಎರಡನೇ ಮಹಾಯುದ್ಧದ ನಂತರ, 1945ರ ಯೋಜನೆಯಲ್ಲಿ ಸರ್ಕಾರ ಪಾಠ ಕಲಿತಿತ್ತು. ಅನುಭವ ನೋಡಿ ಆಯ್ಕೆ, ಇಲ್ಲದವರಿಗೆ ತರಬೇತಿ, ಸಂಸಾರ ಸಾಗುವಷ್ಟು ವಿಸ್ತೀರ್ಣ, ಬೇಲಿ ಮತ್ತು ಮನೆಗೆ ವ್ಯವಸ್ಥೆ. ಕೊರಿಯಾ ಯುದ್ಧದ ಆರಂಭದಲ್ಲಿ, 1950–51ರಲ್ಲಿ, ಉಣ್ಣೆ ಬೆಲೆ ಗಗನಕ್ಕೇರಿ ಹಲವರನ್ನು ಎತ್ತಿಹಿಡಿಯಿತು. ಸೈನಿಕರಿಗೆ ಜಮೀನು ಹಂಚಿದ ಸೌತ್ ಆಸ್ಟ್ರೇಲಿಯಾದ ಕಂಗಾರೂ ದ್ವೀಪದಲ್ಲಿ ವಿಜ್ಞಾನವೂ ಜೊತೆಗಿತ್ತು. ಅಲ್ಲಿನ ಕರಾವಳಿಯ ಕುರಿಗಳು ಮೇದರೂ ಸೊರಗಿ ಸಾಯುತ್ತಿದ್ದುದು ಕೋಬಾಲ್ಟ್ ಮತ್ತು ತಾಮ್ರದ ಕೊರತೆಯಿಂದ ಎಂದು 1930ರ ದಶಕದಲ್ಲೇ ಗೊತ್ತಾಗಿತ್ತು. ಸೂಪರ್ ಫಾಸ್ಫೇಟ್, ತಾಮ್ರ, ಕ್ಲೋವರ್ ಮೇವು ಸೇರಿ ಪಾರ್ನ್‌ಡಾನ ಸುತ್ತ ಹುಲ್ಲುಗಾವಲು ಎದ್ದಿತು. ಹಾಗೆ ಬಿತ್ತಿದ ಯಾರ್ಲೂಪ್ ಎಂಬ ಕ್ಲೋವರ್ ತಳಿಯಲ್ಲಿ ಈಸ್ಟ್ರೋಜನ್‌ನಂತೆ ವರ್ತಿಸುವ ಅಂಶ ಹೆಚ್ಚಿತ್ತು. ಹೊಟ್ಟೆ ತುಂಬ ಮೇದ ಎಷ್ಟೋ ಹೆಣ್ಣು ಕುರಿಗಳು ಗಬ್ಬವಾಗಲಿಲ್ಲ.

ಈ ಕಥೆಯಲ್ಲಿ ಮನ್ನಿಸಲಾಗದ ಒಂದು ಅಧ್ಯಾಯವಿದೆ. ಮೂಲನಿವಾಸಿ ಸೈನಿಕರಲ್ಲಿ ಜಮೀನು ಸಿಕ್ಕಿದ್ದು ಬೆರಳೆಣಿಕೆಯವರಿಗೆ. ವಿಕ್ಟೋರಿಯಾದ ಲೇಕ್ ಕಾಂಡಾದಲ್ಲಿ ಗುಂಡಿಟ್ಜಮಾರ ಜನರಿಗೆಂದು ಮೀಸಲಿದ್ದ ನೆಲವನ್ನೇ ಎರಡನೇ ಯುದ್ಧದ ನಂತರ ಬಿಳಿ ಸೈನಿಕರಿಗೆ ಹಂಚಿದರು. ಅದೇ ಯುದ್ಧದಲ್ಲಿ ಹೋರಾಡಿ ಬಂದ ಗುಂಡಿಟ್ಜಮಾರರು ಅರ್ಜಿ ಹಾಕಿದರೂ ಕೊಡಲಿಲ್ಲ.

ಒಂದೇ ವಯಸ್ಸಿನವರು ಕಟ್ಟಿದ ಊರು ಒಟ್ಟಿಗೇ ಮುದಿಯಾಗುತ್ತದೆ. ಸಣ್ಣ ಹಿಡುವಳಿಗಳು ಪಕ್ಕದ ದೊಡ್ಡದಕ್ಕೆ ಸೇರಿ ಮನೆಗಳು ಕಡಿಮೆಯಾದಂತೆ ಕ್ಲಬ್ಬಿನ ಕುರ್ಚಿಗಳೂ ಖಾಲಿಯಾಗುತ್ತವೆ. ಆದರೂ ರೆಡ್ ಕ್ಲಿಫ್ಸ್‌ನವರು 1971ರಲ್ಲಿ ದುಡ್ಡು ಕೂಡಿಸಿ, ದೂರದ ಹೊಲವೊಂದರಲ್ಲಿ ತುಕ್ಕು ಹಿಡಿಯುತ್ತಿದ್ದ ಬಿಗ್ ಲಿಜ್ಜೀಯನ್ನು ಊರಿಗೆ ಮರಳಿ ತಂದರು. ತಮ್ಮ ಹಿರಿಯರ ತೋಟದ ಗಡ್ಡೆ ಕಿತ್ತ ಆ ಗಾಡಿ ಈಗ ಪೇಟೆ ನಡುವಿನ ಬಾರ್‌ಕ್ಲೇ ಚೌಕದಲ್ಲಿ ನಿಂತಿದೆ.