ಹಿಮದ ನಾಡಿನ ಕೊಟ್ಟಿಗೆ

1408ರ ಸೆಪ್ಟೆಂಬರ್‌ನಲ್ಲಿ ಗ್ರೀನ್‌ಲ್ಯಾಂಡಿನ ಹ್ವಾಲ್ಸೆ ಚರ್ಚಿನಲ್ಲಿ ಒಂದು ಮದುವೆ ನಡೆಯಿತು. ಆ ಚರ್ಚಿನ ಕಲ್ಲಿನ ಗೋಡೆಗಳು ಇವತ್ತಿಗೂ ನಿಂತಿವೆ. ಅಲ್ಲಿದ್ದ ನಾರ್ಸ್ ಜನರ (ಉತ್ತರ ಯುರೋಪಿನ ಸ್ಕ್ಯಾಂಡಿನೇವಿಯಾ ಮೂಲದವರ) ಬಗ್ಗೆ ಬರವಣಿಗೆಯಲ್ಲಿ ಸಿಗುವ ಕೊನೆಯ ಸುದ್ದಿ ಆ ಮದುವೆಯೇ. ಸುಮಾರು 985ರಲ್ಲಿ ಎರಿಕ್ ದ ರೆಡ್ ಜೊತೆ ಐಸ್‌ಲ್ಯಾಂಡಿನಿಂದ ಬಂದು ನೆಲೆಸಿದವರ ಸಂತತಿ ಹದಿನೈದನೇ ಶತಮಾನದಲ್ಲಿ ಅಲ್ಲಿಂದ ಕಾಣೆಯಾಯಿತು.

ಹಳೇ ಸಂಪ್ರದಾಯಕ್ಕೆ ಜೋತುಬಿದ್ದು ಕೆಟ್ಟರು ಅಂತ ಹೇಳಿ ಮುಗಿಸುವುದು ಸುಲಭ. ಆದರೆ ಅವರ ಮೂಳೆಗಳು ಅಷ್ಟು ಸುಲಭದ ಕಥೆ ಹೇಳುವುದಿಲ್ಲ. ತಿಂದದ್ದರ ಗುರುತು ಮೂಳೆಯಲ್ಲಿ ಉಳಿಯುತ್ತದೆ. ಅಲ್ಲಿನ ಸಮುದ್ರದ ಆಹಾರದಲ್ಲಿ ಕಾರ್ಬನ್-13 ಎಂಬ ತುಸು ಭಾರದ ಇಂಗಾಲ ನೆಲದ ಆಹಾರಕ್ಕಿಂತ ಜಾಸ್ತಿ. ಅದನ್ನು ಅಳೆದು ನೋಡಿದರೆ, ಮೊದಲು ಬಂದವರ ಊಟದಲ್ಲಿ ಸಮುದ್ರದ ಪಾಲು ಸುಮಾರು 20%, ಕೊನೆಯ ತಲೆಮಾರುಗಳಲ್ಲಿ 80%ವರೆಗೆ. ಚಳಿ ಹೆಚ್ಚಿದಂತೆ ಅವರು ಸೀಲ್ ಎಂಬ ಕಡಲಪ್ರಾಣಿಯ ಮಾಂಸಕ್ಕೆ ಒಗ್ಗಿಕೊಂಡರು. ಬರೀ ಹಠಮಾರಿಗಳು ಹೀಗೆ ಮಾಡುವುದಿಲ್ಲ, ಅಲ್ವಾ?

ಅವರು ಬಿಡಲಾರದೆ ಹೋದದ್ದು ಕೊಟ್ಟಿಗೆಯನ್ನು. ಹಸು ಅವರಿಗೆ ಹಾಲಷ್ಟೇ ಅಲ್ಲ, ಮರ್ಯಾದೆ. ಗಾರ್ದರ್ ಎಂಬಲ್ಲಿದ್ದ ಬಿಷಪ್ಪರ, ಅಂದರೆ ಅಲ್ಲಿನ ಚರ್ಚಿನ ಹಿರಿಯ ಗುರುಗಳ, ಕೊಟ್ಟಿಗೆಗಳಲ್ಲಿ ಸುಮಾರು 100 ಹಸುಗಳಿಗೆ ಜಾಗವಿತ್ತು. ಚಳಿಗಾಲವಿಡೀ ಅವುಗಳನ್ನು ಒಳಗೇ ಕಟ್ಟಿ ಮೇವು ಹಾಕಬೇಕು. ಅದಕ್ಕೆ ಚಿಕ್ಕ ಬೇಸಿಗೆಯಲ್ಲೇ ಹುಲ್ಲು ಕೊಯ್ದು ಒಣಗಿಸಬೇಕು. ಅದೇ ಬೇಸಿಗೆಯಲ್ಲಿ ದೂರದ ಉತ್ತರಕ್ಕೆ ಉದ್ದ ದಂತದ ಕಡಲಪ್ರಾಣಿ ವಾಲ್ರಸ್‌ನ ಬೇಟೆಗೂ ಹೋಗಬೇಕು. ದಂತ ಕೊಟ್ಟರೆ ತಾನೇ ಯುರೋಪಿನಿಂದ ಕಬ್ಬಿಣ ಬರುವುದು? ಚರ್ಚಿಗೆ ಸಲ್ಲಬೇಕಾದ ಪಾಲೂ ದಂತದಲ್ಲೇ ಹೋಗುತ್ತಿತ್ತು. ಹೀಗೆ ಹಸು, ಚರ್ಚು, ದಂತ ಒಂದಕ್ಕೊಂದು ಗಂಟು ಹಾಕಿಕೊಂಡಿದ್ದವು. ಆ ಗಂಟನ್ನು ಬಿಚ್ಚುವ ಅಧಿಕಾರ ಇದ್ದವರು ದೊಡ್ಡ ಕೊಟ್ಟಿಗೆಗಳ ಒಡೆಯರು. ಬಿಚ್ಚಿದರೆ ಮೊದಲು ಕಳೆದುಕೊಳ್ಳುವವರೂ ಅವರೇ. ಬದಲಾವಣೆ ನಿಂತುಹೋದದ್ದು ಇಲ್ಲೇ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಚಳಿಯೊಂದೇ ಕಾರಣವಲ್ಲ, ನಿಜ. ಪ್ಲೇಗ್ ನಾರ್ವೆಯನ್ನು ಹಿಂಡಿಹಾಕಿತು, ಅಲ್ಲಿಂದ ಬರುವ ಹಡಗುಗಳು ಕಡಿಮೆಯಾದವು.

ಅದೇ ದ್ವೀಪದಲ್ಲಿ ಉತ್ತರ ಧ್ರುವದ ಸುತ್ತಲಿನ ಹಿಮನಾಡುಗಳ ಮೂಲನಿವಾಸಿಗಳಾದ ಇನುಯಿಟ್ ಜನರೂ ಇದ್ದರು. ಅವರಿಗೆ ಕಯಾಕ್ ದೋಣಿ ಇತ್ತು. ಹಗ್ಗ ಕಟ್ಟಿದ, ಬೇಟೆಯ ಮೈಯೊಳಗೆ ಸಿಕ್ಕಿಕೊಳ್ಳುವ ಈಟಿ ಇತ್ತು. ಉಸಿರಾಡಲು ಸೀಲ್‌ಗಳು ಹಿಮದಲ್ಲಿ ಕೊರೆದ ತೂತಿನ ಪಕ್ಕ ಕಾದು ಕೂತು, ನಡು ಚಳಿಗಾಲದಲ್ಲೂ ಬೇಟೆಯಾಡುತ್ತಿದ್ದರು. ನಾರ್ಸ್ ಜನರ ತಿಪ್ಪೆಗಳಲ್ಲಿ ಹಾಗೆ ಹಿಡಿಯುವ ಉಂಗುರದ ಸೀಲ್ ಎಂಬ ಜಾತಿಯ ಮೂಳೆ ತೀರಾ ಅಪರೂಪ.

ನಾರ್ಸ್ ಜನರ ಪಶ್ಚಿಮದ ನೆಲೆ ಮೊದಲೇ, ಹದಿನಾಲ್ಕನೇ ಶತಮಾನದಲ್ಲಿ ಬರಿದಾಯಿತು. ಅಲ್ಲಿನ ಒಂದು ತೋಟದ ಮನೆಯ ಕೊನೆಯ ಪದರದಲ್ಲಿ ಹಸುವಿನ ಗೊರಸಿನ ಮೂಳೆಗಳು ಸಿಕ್ಕಿವೆ. ಜೊತೆಗೆ ಬೇಟೆನಾಯಿಗಳ ಮೂಳೆಗಳು, ಅವುಗಳ ಮೇಲೆ ಚಾಕುವಿನ ಗೀರುಗಳು.