ಕಸ ಮನೆಗೆ ಬರುವ ಮೊದಲೇ ತಡೆಯುವುದು: ಸ್ವಯಂಸೇವಕರಿಗೆ ಕೆಲವು ಮಾತು

ಹಸಿ ಕಸ, ಒಣ ಕಸ ಬೇರೆ ಮಾಡಿ ಎಂದು ಮನೆ ಮನೆಗೆ ಹೇಳುವ ತಂಡಗಳು ಮಂಗಳೂರಿನಲ್ಲೂ ಉಡುಪಿಯಲ್ಲೂ ಬೇಕಾದಷ್ಟಿವೆ. ಕಸವೇ ಆಗದ ಹಾಗೆ ನೋಡಿಕೊಳ್ಳಿ ಎನ್ನುವವರು ಕಡಿಮೆ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಆದ್ಯತೆಯ ಸಾಲಿನಲ್ಲಿ ಮೊದಲು ಇಟ್ಟದ್ದು ಇದನ್ನೇ. ಬೇರ್ಪಡಿಸಿದ ಕಸಕ್ಕೂ ಲಾರಿ ಬೇಕು, ಜಾಗ ಬೇಕು. 2019ರ ಆಗಸ್ಟ್ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸದ ರಾಶಿ ಜರಿದು ಪಕ್ಕದ ಮಂದಾರದ ತೋಟಗಳಿಗೆ ನುಗ್ಗಿದ್ದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಬ್ಬರು ಸ್ವಯಂಸೇವಕರಿಗೆ ಇಪ್ಪತ್ತು ಮನೆ ಸಾಕು, ಹೆಚ್ಚು ಹಿಡಿದರೆ ಎರಡನೇ ಭೇಟಿಯೇ ಆಗುವುದಿಲ್ಲ. ಮೊದಲ ದಿನ ಉಪದೇಶ ಬೇಡ. ಒಂದು ವಾರದ ಕಸ ನೋಡಲು ಒಪ್ಪಿಗೆ ಕೇಳಿ, ಅಷ್ಟೆ. ಹಸಿ ಕಸವನ್ನು ಕೊಕ್ಕೆ ತಕ್ಕಡಿಯಲ್ಲಿ ತೂಗಿ, ಒಣ ಕಸವನ್ನು ಎಣಿಸಿ. ಎರಡನ್ನೂ ತೂಗಿದರೆ ಅನ್ನ, ಸಿಪ್ಪೆಯ ಭಾರದಲ್ಲಿ ಪ್ಲಾಸ್ಟಿಕ್ ಲೆಕ್ಕಕ್ಕೇ ಸಿಗುವುದಿಲ್ಲ. ಹಾಲಿನ ತೊಟ್ಟೆ (ಪ್ಲಾಸ್ಟಿಕ್ ಚೀಲ), ಶಾಂಪೂ ಸ್ಯಾಶೆ, ಹೋಟೆಲಿನ ಸಾಂಬಾರು ತೊಟ್ಟೆಗಳನ್ನು ಪೇಪರಿನ ಮೇಲೆ ಹರಡಿ, ಮನೆಯವರ ಕೈಯಲ್ಲೇ ಎಣಿಸಿ. 'ಅಕ್ಕ, ಇದರಲ್ಲಿ ಯಾವುದು ಇಲ್ಲದೆ ನಡೆದೀತು?' ಎಂದು ಕೇಳಿ, ಅವರು ಹೇಳಿದ ಒಂದನ್ನು ಮಾತ್ರ ಹಿಡಿದುಕೊಳ್ಳಿ.

ಒಂದು ಎಚ್ಚರಿಕೆ. ಹಂಡೆಯಲ್ಲಿ ಬಿಸಿನೀರು ಕಾಯಿಸುವ ಮನೆಗಳಲ್ಲಿ ತೊಟ್ಟೆ ಬುಟ್ಟಿಗೆ ಬೀಳದೆ ಬಚ್ಚಲ ಒಲೆಗೆ ಹೋಗುವುದುಂಟು. ಮಳೆಗಾಲದಲ್ಲಿ ಸೌದೆ ಹಸಿ, ಬೆಂಕಿ ಹಿಡಿಸಲು ಪ್ಲಾಸ್ಟಿಕ್ ಸುಲಭ. ಆ ಮನೆಯ ಎಣಿಕೆ ಚೆನ್ನಾಗಿ ಕಾಣುತ್ತದೆ, ಹೊಗೆ ಮಾತ್ರ ಮಕ್ಕಳ ಮೂಗಿಗೆ. 'ಪ್ಲಾಸ್ಟಿಕ್ ಸುಡುತ್ತೀರಾ?' ಎಂದರೆ ಇಲ್ಲ ಎನ್ನುತ್ತಾರೆ. 'ಬೆಂಕಿ ಹಿಡಿಸಲಿಕ್ಕೆ ಎಂತ ಹಾಕುವುದು?' ಎಂದರೆ ನಿಜ ಹೊರಬರುತ್ತದೆ. ಮೇ ತಿಂಗಳಲ್ಲೇ ಒಣ ತೆಂಗಿನ ಗರಿ, ಕಾಯಿಸಿಪ್ಪೆ, ಗೆರಟೆಯನ್ನು ನೆನೆಯದ ಕಡೆ ಒಟ್ಟಿಡಲು ಹೇಳಿ. ಜುಲೈಯಲ್ಲಿ ಹೇಳಿ ಪ್ರಯೋಜನವಿಲ್ಲ.

ಇನ್ನು ಮೀನು. ಈ ಊರಲ್ಲಿ ಬಟ್ಟೆಚೀಲ ಹಂಚುವ ಅಭಿಯಾನ ಸೋಲುವುದು ಇಲ್ಲಿಯೇ: ನೀರು ಸೋರುವ ಬೂತಾಯಿಯನ್ನು ಯಾರೂ ಬಟ್ಟೆಚೀಲಕ್ಕೆ ಹಾಕಿಸಿಕೊಳ್ಳುವುದಿಲ್ಲ. ಹಂಚಿದ ಚೀಲ ಬಾಗಿಲ ಹಿಂದೆ ನೇತಾಡುತ್ತದೆ. ಬಟ್ಟೆಯಂತೆ ಕಾಣುವ ನಾನ್‌ವೋವನ್ ಚೀಲವಂತೂ ಪಾಲಿಪ್ರೊಪಿಲೀನ್, ಅದೂ ಪ್ಲಾಸ್ಟಿಕ್ಕೇ. ಮೀನಿಗೆ ಬಿಗಿ ಮುಚ್ಚಳದ ಎರಡು, ಮೂರು ಲೀಟರಿನ ಡಬ್ಬಿಯೇ ಆಗಬೇಕು. ತಕ್ಕಡಿಯಲ್ಲಿ ಮೀನು ತೂಗಿದ ಮೇಲೆ ಡಬ್ಬಿ ಮುಂದೆ ಹಿಡಿದರೆ ಡಬ್ಬಿಯ ತೂಕದ ಜಗಳವಿಲ್ಲ. ಡಬ್ಬಿ ಅಡುಗೆಮನೆಯ ಕಪಾಟಿನಲ್ಲಿದ್ದರೆ ಮರೆತೇ ಹೋಗುತ್ತದೆ, ಸ್ಕೂಟರಿನ ಸೀಟಿನಡಿ ಇರಲಿ. ಬಂದ ತಕ್ಷಣ ತಣ್ಣೀರಲ್ಲಿ ತೊಳೆದು ಹುಣಸೆಹುಳಿಯಲ್ಲಿ ಉಜ್ಜಿದರೆ ವಾಸನೆ ಉಳಿಯದು. ತರಕಾರಿಗೆ ಹಳೆ ಕೊಡೆಯ ಬಟ್ಟೆಯಲ್ಲಿ ಹೊಲಿದ ಚೀಲ ಒಳ್ಳೆಯದು. ಮಡಚಿದರೆ ಜೇಬಿಗೆ ಹಿಡಿಯುತ್ತದೆ, ಮಳೆಗೆ ನೆನೆದರೂ ಬೇಗ ಒಣಗುತ್ತದೆ.

ಹಸಿ ಕಸದಲ್ಲಿ ಉಳಿದ ಅನ್ನ ಕಂಡರೆ ಪಾವಿನ ಅಳತೆಯನ್ನು ನೋಡಿ: ಯಾರು ಊಟಕ್ಕಿದ್ದಾರೆ ಎಂದು ಕೇಳದೆ ದಿನಾ ಒಂದೇ ಅಳತೆ ಹಾಕುವುದೇ ಹೆಚ್ಚಿನ ಕಡೆ ಕಾರಣ. ಉಳಿದದ್ದು ದೋಸೆ ಹಿಟ್ಟಿಗೆ ಸೇರಲಿ.

ಸಮಾರಂಭಗಳ ವಿಷಯದಲ್ಲಿ ತಡವಾಗಿ ಹೋಗಿ ಕೆಲಸವಿಲ್ಲ. ಕೇಟರಿಂಗಿನವರಿಗೆ ಮುಂಗಡ ಕೊಟ್ಟ ಮೇಲೆ ಯಾರೂ ನೀರಿನ ಪ್ಲಾಸ್ಟಿಕ್ ಬಾಟ್ಲಿ ಬಿಡುವುದಿಲ್ಲ. ಹಾಲ್ ಬುಕ್ ಮಾಡುವ ಹೊತ್ತಿಗೇ ಲೆಕ್ಕ ಮುಂದಿಡಿ. 500 ಜನರಿಗೆ ತಲಾ ಎರಡು ಸಣ್ಣ ಬಾಟ್ಲಿಯಂತೆ 1000 ಖಾಲಿ ಬಾಟ್ಲಿ. ಅದರ ಬದಲು ತಲಾ ಮುಕ್ಕಾಲು ಲೀಟರಿನಂತೆ 375 ಲೀಟರ್, ಅಂದರೆ 20 ಲೀಟರಿನ 19 ಕ್ಯಾನು. ಜೊತೆಗೆ 600 ಸ್ಟೀಲ್ ಲೋಟ, ತೊಳೆಯಲು ಇಬ್ಬರು. ಲೋಟ ಸಿಕ್ಕಿ, ತೊಳೆಯುವವರಿಗೆ ಸಂಬಳ ಗೊತ್ತುಮಾಡದಿದ್ದರೆ ಎರಡನೇ ಪಂಕ್ತಿಗೇ ಪೇಪರ್ ಕಪ್ ಬರುತ್ತದೆ. ಅದರ ಒಳಗೂ ಪ್ಲಾಸ್ಟಿಕ್ ಪದರವಿದೆ.

ಮೂರು ತಿಂಗಳ ಮೇಲೆ ಮತ್ತೆ ತೂಗುವಾಗ ಕಾಲ ನೋಡಿಕೊಳ್ಳಿ. ಮೇ ತಿಂಗಳ ಬುಟ್ಟಿಯಲ್ಲಿ ಹಲಸಿನ ರೆಚ್ಚೆ, ಮಾವಿನ ಗೊರಟು ತುಂಬಿರುತ್ತವೆ. ಆಗಸ್ಟಿನಲ್ಲಿ ತೂಕ ತಾನಾಗಿ ಇಳಿಯುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ, ಮೀನು ಕಡಿಮೆ, ಮೀನಿನ ತೊಟ್ಟೆಯೂ ಕಡಿಮೆ. ಇದನ್ನು ಅಭಿಯಾನದ ಯಶಸ್ಸೆಂದು ಬರೆದರೆ ಮುಂದಿನ ಎಣಿಕೆಯಲ್ಲಿ ಸಿಕ್ಕಿಬೀಳುತ್ತೀರಿ. ಸೆಪ್ಟೆಂಬರಿನಲ್ಲಿ ಶುರು ಮಾಡಿ ಡಿಸೆಂಬರಿನಲ್ಲಿ ನೋಡಿದರೆ ಹೋಲಿಕೆ ತಕ್ಕಮಟ್ಟಿಗೆ ನಂಬಬಹುದಾದದ್ದು.